ಒಂದೇ ಗೂಟದ ಎರಡು ಟಗರು

ಅಮೋಲ್ ಬಿದ್ದದ್ದನ್ನು ಅವತ್ತು ಭಾಲ್ಕಿಯಲ್ಲಿ ಸೇರಿದ್ದವರೆಲ್ಲ ನೋಡಿದರು. ನೋಡದೆ ಉಳಿದವನು ಅಮೋಲ್ ಒಬ್ಬನೇ.

ಡಿಸೆಂಬರಿನ ಕೊನೆಯ ಭಾನುವಾರ ಅಲ್ಲಿ ಬಾಕ್ಸಿಂಗ್ ಪಂದ್ಯಗಳಿದ್ದವು. ಅರವತ್ತಮೂರು ಕಿಲೋ ತೂಕದವರಲ್ಲಿ ಔರಾದದ ಅಮೋಲನಿಗೆ ಎದುರಾಗಿ ಸಿಕ್ಕವನು ಭಾಲ್ಕಿಯವನೇ ಆದ ರತ್ನದೀಪ. ಗಂಟೆ ಬಾರಿಸಿ ಮೂವತ್ತೆಂಟು ಸೆಕೆಂಡಿಗೆ ರತ್ನದೀಪನ ಬಲಗೈ ಬಂದು ಅಮೋಲನ ದವಡೆಗೆ ಬಿತ್ತು. ರೆಫರಿ ಹತ್ತರವರೆಗೆ ಎಣಿಸಿದರು. ನೂರರವರೆಗೆ ಎಣಿಸಿದ್ದರೂ ಅಮೋಲನ ಕಡೆಯಿಂದ ಏನೂ ತಕರಾರು ಬರುತ್ತಿರಲಿಲ್ಲ. ಅವನಿಗೆ ನೆನಪಿರುವುದು ಇಷ್ಟು: ಗಂಟೆ ಬಾರಿಸಿತು, ತಾನು ಎರಡು ಹೆಜ್ಜೆ ಮುಂದೆ ಹೋದ, ಆಮೇಲೆ ಯಾರೋ ಡಾಕ್ಟರು ಕಣ್ಣಿಗೆ ಬ್ಯಾಟರಿ ಬಿಟ್ಟು ಇವತ್ತು ಯಾವ ವಾರ ಎಂದು ಕೇಳಿದರು. ಅಮೋಲ್ ಬಹಳ ವಿಶ್ವಾಸದಿಂದ ಬುಧವಾರ ಎಂದ. ನಡುವೆ ಏನಾಯಿತೋ ಅದು ಇಲ್ಲ. ಇಲಿ ಕಡಿದ ಅಂಗಿಯ ಹಾಗೆ ನೆನಪಿಗೆ ಅಲ್ಲೊಂದು ತೂತು.

ಇದಕ್ಕೂ ಮೊದಲು ಅವನು ಹನ್ನೊಂದು ಪಂದ್ಯ ಆಡಿದ್ದ, ಒಂಬತ್ತು ಗೆದ್ದಿದ್ದ, ಎರಡರಲ್ಲಿ ಅಂಕದ ಮೇಲೆ ಸೋತಿದ್ದ. ಬಿದ್ದಿರಲಿಲ್ಲ. ನೆಲ ತಣ್ಣಗಿರುತ್ತದೋ ಬಿಸಿ ಇರುತ್ತದೋ ನನ್ನ ಬೆನ್ನಿಗೆ ಗೊತ್ತಿಲ್ಲ ಎಂದು ಬೀದರಿನ ಚಹಾದಂಗಡಿಯಲ್ಲಿ ಅವನು ಹೇಳಿಕೊಂಡದ್ದನ್ನು ಕೇಳಿದವರು ಬಹಳ ಮಂದಿ. ಅಂಥ ಮಾತನ್ನು ಜನ ಮರೆಯುವುದಿಲ್ಲ. ಸಾಲದ್ದಕ್ಕೆ ಒಬ್ಬರು ಅಂದೇ ಸಂಜೆ ಫೋನ್ ಮಾಡಿ, ಈಗ ಗೊತ್ತಾಯಿತೇನಪ್ಪ ಎಂದು ಕೇಳಿಯೂ ಬಿಟ್ಟರು.

ಬೀದರಿನ ಆಸ್ಪತ್ರೆಯಲ್ಲಿ ತಲೆಯ ಸ್ಕ್ಯಾನ್ ಮಾಡಿ ಏನೂ ತೊಂದರೆ ಇಲ್ಲ ಎಂದರು. ಒಂದು ತಿಂಗಳು ಗ್ಲೌಸ್ ಮುಟ್ಟಬಾರದು ಎಂದೂ ಹೇಳಿದರು. ಅಮೋಲ್ ಬೀದರಿನ ಮಾರುಕಟ್ಟೆಯಲ್ಲಿ ಲಾರಿ ತೂಗುವ ಕಾಟಾದ ಮೇಲೆ ಕೆಲಸಕ್ಕಿದ್ದ. ಹದಿನೈದು ದಿನ ರಜೆ ಹಾಕಿ ಔರಾದಕ್ಕೆ, ತನ್ನ ಮನೆಗೆ ಬಂದು ಕುಳಿತ. ಅದೇ ತಪ್ಪಾಯಿತು.

ನಮ್ಮ ಕಡೆ ಒಂದು ಪದ್ಧತಿ ಇದೆ. ಯಾರದಾದರೂ ಮನೆಯಲ್ಲಿ ಕಷ್ಟ ಆದರೆ, ಅದು ಸಾವೇ ಇರಲಿ, ಎತ್ತಿನ ಕಾಲು ಮುರಿದದ್ದೇ ಇರಲಿ, ಬಂಧುಬಳಗ ಒಬ್ಬೊಬ್ಬರಾಗಿ ಮಾತಾಡಿಸಲು ಬರುತ್ತಾರೆ. ಬರಿಗೈಯಲ್ಲಿ ಬರುವುದಿಲ್ಲ, ಒಂದು ಡಜನ್ ಬಾಳೆಹಣ್ಣು ಇರುತ್ತದೆ. ಬಂದು ಕೂತು, ಒಂದು ಉಸಿರು ಬಿಟ್ಟು, ಹ್ಯಾಂಗಾಯ್ತಪಾ ಎಂದು ಕೇಳುತ್ತಾರೆ. ಕಷ್ಟಪಟ್ಟವನು ಮೊದಲಿನಿಂದ ಕೊನೆಯವರೆಗೆ ಹೇಳಬೇಕು. ಹತ್ತು ಜನಕ್ಕೆ ಹತ್ತು ಸಲ ಹೇಳುವಷ್ಟರಲ್ಲಿ ದುಃಖ ಸವೆದು ಅರ್ಧವಾಗಿರುತ್ತದೆ. ಹಿರಿಯರು ಮಾಡಿಟ್ಟ ಪದ್ಧತಿ, ಹೆಸರಿಡುವ ಹಾಗಿಲ್ಲ. ಆದರೆ ಕಷ್ಟಪಟ್ಟವನಿಗೇ ಏನಾಯಿತೆಂದು ಗೊತ್ತಿಲ್ಲದಿದ್ದರೆ ಏನು ಮಾಡಬೇಕು ಎನ್ನುವುದನ್ನು ಹಿರಿಯರು ಯೋಚಿಸಿರಲಿಲ್ಲ.

ಮೊದಲು ಬಂದವಳು ಕಮಠಾಣದ ಸೋದರತ್ತೆ. ಹ್ಯಾಂಗಾಯ್ತಪಾ ಎಂದಳು. ಅಮೋಲ್ ನೆನಪಿಲ್ಲ ಅತ್ತಿ ಎಂದ. ಅತ್ತೆಗೆ ಪಾಪ ಎನಿಸಿತು, ಹಾಗಾದರೆ ನಾನು ಹೇಳುತ್ತೇನೆ ಎಂದು ಶುರುಮಾಡಿದಳು. ಯಾರೋ ತೆಗೆದ ಪಂದ್ಯದ ವಿಡಿಯೋ ಅಷ್ಟರಲ್ಲಿ ಎಲ್ಲರ ಫೋನಿಗೂ ಬಂದಿತ್ತು, ಅವಳೂ ನೋಡಿದ್ದಳಲ್ಲ. ಅವಳ ಪ್ರಕಾರ ಅಮೋಲ್ ಒಂದು ಗೇಣು ಮೇಲೆ ಹಾರಿ ಬಿದ್ದ. ಪಕ್ಕದ ಮನೆಯ ಗೋರಖನಾಥ ಅದನ್ನು ಒಪ್ಪಲಿಲ್ಲ. ಹಾರಲಿಲ್ಲ, ಮದುವೆಯ ಪಂಕ್ತಿಯಲ್ಲಿ ಊಟಕ್ಕೆ ಕೂಡುವವರ ಹಾಗೆ ಮೊದಲು ಕೂತ, ಆಮೇಲೆ ಮಲಗಿದ ಎಂದ. ಇಬ್ಬರಿಗೂ ವಾದ ಹತ್ತಿತು. ಕೊನೆಗೆ ಗೋರಖನಾಥ ಅಂಗಳದಲ್ಲಿ ಬಿದ್ದು ತೋರಿಸಿದ. ನಾಲ್ಕು ದಿನದಲ್ಲಿ ಮನೆಯಲ್ಲಿ ಏಳು ಡಜನ್ ಬಾಳೆಹಣ್ಣು ಸೇರಿದವು, ಏಳು ಬಗೆಯ ಬೀಳುವಿಕೆ ಸೇರಿದವು. ಹಣ್ಣನ್ನು ಕುರಿಗಳು ತಿಂದವು. ಅಮೋಲನ ಗಂಟಲಿಗೆ ಒಂದೂ ಇಳಿಯಲಿಲ್ಲ.

ಜನ ಹೋದ ಮೇಲೆ ಅವನು ತಾನೇ ಆ ವಿಡಿಯೋ ಹಾಕಿಕೊಂಡು ನೋಡುತ್ತಿದ್ದ. ದಿನಕ್ಕೆ ಇಪ್ಪತ್ತು ಸಲವಾದರೂ ನೋಡುತ್ತಿದ್ದ. ತನ್ನ ಕಾಲು ನೋಡಿದ, ತನ್ನ ಮೊಣಕೈ ನೋಡಿದ, ತನ್ನ ಮುಖ ಆ ಕಡೆ ಹೊರಳಿದ್ದನ್ನು ನೋಡಿದ. ಪ್ರತಿ ಸಲವೂ ಇದು ಬೇರೆ ಯಾರಿಗೋ ಆದದ್ದು ಎನಿಸುತ್ತಿತ್ತು, ಪ್ರತಿ ಸಲವೂ ರತ್ನದೀಪ ಒಂದಿಷ್ಟು ಎತ್ತರ ಬೆಳೆಯುತ್ತಿದ್ದ. ಇಷ್ಟು ಜಾಗದಲ್ಲಿ ಸರಿಯಾಗಿ ಅದೇ ಜಾಗ ಹುಡುಕಿ ಹೊಡೆದನಲ್ಲ, ಇವನ ಕಣ್ಣು ಎಂಥದ್ದಿರಬೇಕು ಎಂದು ಅಮೋಲ್ ಹೆದರಿದ. ಹೆದರಿದ್ದು ನೋವಿಗಲ್ಲ. ನೋವು ಅವನಿಗೆ ಗೊತ್ತೇ ಆಗಿರಲಿಲ್ಲ. ಗೊತ್ತಾಗದಂತೆ ತನ್ನನ್ನು ಅಳಿಸಿಹಾಕಬಲ್ಲ ಒಬ್ಬ ಮನುಷ್ಯ ಭಾಲ್ಕಿಯಲ್ಲಿ ಉಂಡು ತಿಂದು ಆರಾಮಾಗಿದ್ದಾನಲ್ಲ, ಅದಕ್ಕೆ ಹೆದರಿದ.

ರಜೆ ಮುಗಿಸಿ ಬೀದರಿಗೆ ಹೋದವನು ತಿಂಗಳು ತುಂಬಿದ ಮೇಲೆ ಮತ್ತೆ ಗ್ಲೌಸ್ ಹಾಕಿದ. ಚೌಬಾರದ ಹಿಂದಿನ ಗಲ್ಲಿಯಲ್ಲಿ ಹಳೆಯ ಕುಸ್ತಿ ತಾಲೀಮು, ಅಂದರೆ ಗರಡಿಮನೆ, ಒಂದಿದೆ. ಅಲ್ಲಿ ಮಣ್ಣು ತೆಗೆಸಿ, ಹಗ್ಗ ಕಟ್ಟಿಸಿ, ಬಾಕ್ಸಿಂಗ್ ಕಲಿಸುವವರು ಬಾಬುಮಿಯಾ. ಮಿಲಿಟರಿಯಲ್ಲಿ ಹವಾಲ್ದಾರರಾಗಿದ್ದವರು, ಎಲ್ಲರಿಗೂ ಉಸ್ತಾದರು. ಅವರು ಅಮೋಲನ ಎದುರು ತನ್ವೀರನನ್ನು ನಿಲ್ಲಿಸಿದರು. ತನ್ವೀರ ಸಂಭಾವಿತ ಹುಡುಗ, ಗಾಳಿಪಟದ ದಾರ ಬಿಟ್ಟ ಹಾಗೆ ಮೆಲ್ಲಗೆ ಕೈ ಬಿಟ್ಟ. ಆ ಕೈ ಇನ್ನೂ ಅರ್ಧ ದಾರಿಯಲ್ಲಿರುವಾಗಲೇ ಅಮೋಲ್ ಎರಡೂ ಕಣ್ಣು ಮುಚ್ಚಿ ಮುಖ ಆ ಕಡೆ ತಿರುಗಿಸಿದ.

ಬೆಳಕು ಕಣ್ಣಿಗೆ ಬಿತ್ತು ಎಂದ. ಮರುದಿನ ಹೆಡ್‌ಗಾರ್ಡಿನ ಪಟ್ಟಿ ಸಡಿಲಾಗಿದೆ ಎಂದ. ಮೂರನೆಯ ದಿನ ನೆಲ ಜಾರುತ್ತದೆ ಎಂದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ನಮ್ಮ ಅಮೋಲನಿಗೆ ನೆಲ, ಬೆಳಕು, ಪಟ್ಟಿ, ಕೊನೆಗೆ ಪಕ್ಕದ ಮನೆಯ ಒಗ್ಗರಣೆಯ ಘಾಟು, ಎಲ್ಲವೂ ಡೊಂಕಾದವು. ಉಸ್ತಾದರು ಹತ್ತು ದಿನ ಸುಮ್ಮನೆ ನೋಡಿದರು. ಹನ್ನೊಂದನೆಯ ದಿನ ಅವನ ಗ್ಲೌಸ್ ಬಿಚ್ಚಿಸಿ ಮೊಳೆಗೆ ನೇತುಹಾಕಿದರು.

“ಬೇಟಾ, ದವಡಿ ಎಂಟ ದಿನದಾಗ ಆರಾಮ ಆಗ್ತದ. ಈ ಕಣ್ಣ ಅದ ನೋಡು, ಅದು ಮುಚ್ಚೋದು ಕಲ್ತಬಿಟ್ಟದ. ಮಾರ್ಚದಾಗ ಇಲ್ಲೇ ಬೀದರದಾಗ ಪಂದ್ಯ ಅದ. ಅಷ್ಟರಾಗ ಒಂದ ಹೊಡ್ತ, ಒಂದೇ ಒಂದು, ಕಣ್ಣ ತೆರದು ತಿಂದು ತೋರ್ಸು. ಹೆಸರ ಬರೀತೇನಿ. ಇಲ್ಲಂದ್ರ ಈ ಗ್ಲೌಸ್ ತನ್ವೀರಗ ಕೊಡ್ತೇನಿ.”

ಅವನು ಉಸ್ತಾದರ ಮುಖ ನೋಡಲಿಲ್ಲ. ಹೆಸರು ಬರೆಸದಿದ್ದರೆ ಏನಾಗುತ್ತದೆ ಎನ್ನುವುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಇನ್ನು ಮುಂದೆ ಬಾಕ್ಸರ್ ಅಮೋಲ್ ಇರುವುದಿಲ್ಲ, ಭಾಲ್ಕಿಯಲ್ಲಿ ಬಿದ್ದವನು ಅಂತ ಒಬ್ಬ ಇರುತ್ತಾನೆ, ಸಾಯುವ ತನಕ ಕಾಟಾದ ಮೇಲೆ ಕೂತು ಲಾರಿ ತೂಗುತ್ತಾನೆ. ಆ ಶನಿವಾರ ಔರಾದದ ಬಸ್ಸಿನಲ್ಲಿ ಕೂತವನಿಗೆ ಸಂತಪುರ ದಾಟುವವರೆಗೂ ಅಳು ಬಂದು ಬಂದು ಹೋಗುತ್ತಿತ್ತು. ಅಳಲಿಕ್ಕೂ ಧೈರ್ಯ ಬೇಕು, ಬಸ್ಸಿನ ತುಂಬ ವಿಡಿಯೋ ನೋಡಿದವರೇ ಇದ್ದರು.

ಮನೆಯಲ್ಲಿ ಅವನ ಅಜ್ಜಿ ಸಖುಬಾಯಿ ಚಹಾ ಕೊಟ್ಟಳು. ಅವಳನ್ನು ಅವನು ಆಯಿ ಎಂದೇ ಕರೆಯುವುದು. ಅವನ ಕೆನ್ನೆಯ ಮೇಲೆ ಒಂದು ನೊಣ ಕೂತಿತ್ತು. ಅದನ್ನು ಓಡಿಸಲು ಆಯಿ ಕೈ ಎತ್ತಿದಳು. ಅಮೋಲ್ ಕಣ್ಣು ಮುಚ್ಚಿ ಮುಖ ತಿರುಗಿಸಿದ, ಚಹಾ ತೊಡೆಯ ಮೇಲೆ ಚೆಲ್ಲಿತು. ಆಯಿ ಎತ್ತಿದ ಕೈ ಹಾಗೇ ಇಟ್ಟುಕೊಂಡು ಬಹಳ ಹೊತ್ತು ಅವನನ್ನೇ ನೋಡಿದಳು. ಎಪ್ಪತ್ತು ವರ್ಷ ಕುರಿಗಳ ನಡುವೆ ಬಾಳಿದ ಹೆಂಗಸು ಅವಳು. ಇಂಥದ್ದನ್ನು ಮೊದಲೂ ನೋಡಿದ್ದಳು, ಆದರೆ ಮನುಷ್ಯರಲ್ಲಲ್ಲ.

ಹಟ್ಟಿಯಲ್ಲಿ ಎರಡು ಟಗರು ಕಾದಾಡಿ ಒಂದು ಸೋತಿತು ಎನ್ನಿ. ಸೋತದ್ದನ್ನು ಅದರ ಪಾಡಿಗೆ ಬಿಟ್ಟರೆ ಕೆಟ್ಟಿತು. ಅದು ಹಿಂಡಿನ ಅಂಚಿನಲ್ಲೇ ತಲೆ ತಗ್ಗಿಸಿ ತಿರುಗುತ್ತದೆ, ಮೇವಿಗೂ ಮುಂದೆ ಬರುವುದಿಲ್ಲ, ಕುರಿಗಳ ಹತ್ತಿರವೂ ಸುಳಿಯುವುದಿಲ್ಲ. ದೂರ ಇದ್ದಷ್ಟೂ ಗೆದ್ದ ಟಗರು ಅದರ ಮನಸ್ಸಿನಲ್ಲಿ ದೊಡ್ಡದಾಗುತ್ತ ಹೋಗುತ್ತದೆ. ಅದಕ್ಕೆ ಕುರಿಯವರು ಒಂದು ಉಪಾಯ ಮಾಡುತ್ತಾರೆ. ಎರಡನ್ನೂ ಒಂದೇ ಗೂಟಕ್ಕೆ ಗಿಡ್ಡ ಹಗ್ಗದಿಂದ ಕಟ್ಟಿ, ಒಂದೇ ಬುಟ್ಟಿಯಲ್ಲಿ ಮೇವು ಹಾಕುತ್ತಾರೆ. ಕಾದಾಡೋಣ ಅಂದರೆ ಹಿಂದೆ ಸರಿಯಲು ಜಾಗವಿಲ್ಲ. ಮೊದಲ ದಿನ ಎರಡೂ ತಿನ್ನುವುದಿಲ್ಲ. ಎರಡನೆಯ ದಿನ ಒಂದಾದ ಮೇಲೊಂದು ತಿನ್ನುತ್ತವೆ. ಮೂರನೆಯ ದಿನ ತಲೆಗೆ ತಲೆ ಹಚ್ಚಿ ತಿನ್ನುತ್ತವೆ. ಗೆದ್ದದ್ದಕ್ಕೂ ಕೆಮ್ಮು ಬರುತ್ತದೆ, ಅದಕ್ಕೂ ನಾಯಿಯ ಹೆದರಿಕೆ ಇದೆ ಎನ್ನುವುದು ಅಷ್ಟರಲ್ಲಿ ಸೋತದ್ದಕ್ಕೆ ತಿಳಿದಿರುತ್ತದೆ.

ಟಗರಿಗೊಂದು ನ್ಯಾಯ ಮನುಷ್ಯನಿಗೊಂದು ನ್ಯಾಯ ಎಂದು ಸಖುಬಾಯಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅಮೋಲ್ ಸೋಮವಾರ ಬೀದರಿಗೆ ಹೋದ ಕೂಡಲೇ ಅವಳು ಯಾರಿಗೂ ಹೇಳದೆ ಭಾಲ್ಕಿಯ ಬಸ್ಸು ಹತ್ತಿದಳು.

ಅಲ್ಲಿ ನಡೆದದ್ದು ಅಮೋಲನಿಗೆ ಗೊತ್ತಾದದ್ದು ಆಮೇಲೆ. ಆಯಿಯ ಹತ್ತಿರ ವಿಳಾಸ ಇರಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಇಳಿದು, ಔರಾದದ ಹುಡುಗನನ್ನು ಬೀಳಿಸಿದವನ ಮನೆ ಎಲ್ಲಿ ಎಂದು ಕೇಳಿದಳು. ಮೂರು ಆಟೋದವರು ಒಟ್ಟಿಗೆ ಕೈ ತೋರಿಸಿದರು. ಬಾಗಿಲು ತೆರೆದವಳು ರತ್ನದೀಪನ ತಾಯಿ ಸುಭದ್ರಾಬಾಯಿ, ಅಂಗನವಾಡಿಯಲ್ಲಿ ಕೆಲಸ ಮಾಡುವ ಗಟ್ಟಿ ಹೆಂಗಸು. ಬಂದವಳು ಯಾರೆಂದು ಗೊತ್ತಾಗುತ್ತಲೇ ಜಗಳಕ್ಕೆ ಬಂದಿದ್ದಾಳೆ ಎಂದುಕೊಂಡು, ಅದು ಆಟ, ನನ್ನ ಮಗ ಹಟದಿಂದ ಹೊಡೆದದ್ದಲ್ಲ, ಅವನು ಇರುವೆಯನ್ನೂ ದಾಟಿಕೊಂಡು ಹೋಗುವವನು ಎಂದು ಒಂದೇ ಉಸಿರಿನಲ್ಲಿ ಹೇಳಿದಳು. ಸಖುಬಾಯಿ ಎಲ್ಲವನ್ನೂ ಕೇಳಿ, ಒಂದು ತಂಬಿಗೆ ನೀರು ಕುಡಿದು, ಸೆರಗಿನಲ್ಲಿ ಬಾಯಿ ಒರೆಸಿಕೊಂಡಳು.

“ಹೊಡದದ್ದು ಚಲೋ ಹೊಡದಾನ ಬಿಡ್ರಿ ಅಕ್ಕಾ. ನಾ ಅದಕ ಬಂದಿಲ್ಲ. ನಿಮ್ಮ ಮಗನ್ನ ಮೂರ ದಿನ ನಮ್ಮ ಮನಿಗಿ ಕಳಸ್ರಿ. ಉಣಿಸಿ ತಿನಿಸಿ ಹ್ಯಾಂಗಿದ್ದಾನೋ ಹಾಂಗ ವಾಪಸ್ ಕಳಸ್ತೇನಿ.”

ಸುಭದ್ರಾಬಾಯಿ ಯಾಕೆ ಎಂದು ಕೇಳಿದಳು. ಮಗನನ್ನು ಮೂರು ದಿನ ಎರವಲು ಕೇಳಿದವರು ಅದುವರೆಗೆ ಯಾರೂ ಬಂದಿರಲಿಲ್ಲ. ಟಗರಿನ ವಿಷಯ ಪೂರ್ತಿ ಕೇಳಿದ ಮೇಲೆ ಅವಳಿಗೆ ನಗು ಬಂತು, ನಗು ಬಂದ ಮೇಲೆ ಇಲ್ಲ ಎನ್ನಲು ಆಗಲಿಲ್ಲ.

ಮುಂದಿನ ಶನಿವಾರ ಅಮೋಲ್ ಮನೆಗೆ ಬಂದಾಗ ಹೊರಸಿನ ಮೇಲೆ ರತ್ನದೀಪ ಕೂತು ಚಹಾ ಕುಡಿಯುತ್ತಿದ್ದ. ಅಮೋಲ್ ಹೊಸ್ತಿಲ ಮೇಲೆ ಇಟ್ಟ ಕಾಲು ಹಿಂದೆ ತೆಗೆದ. ಇವನು ಇಲ್ಲಿಯವರೆಗೂ ಹುಡುಕಿಕೊಂಡು ಬಂದನೇ ಎಂದುಕೊಂಡ. ರತ್ನದೀಪ ಎದ್ದು ನಿಂತು ಜೈ ಭೀಮ್ ಎಂದ. ದನಿ ಎಷ್ಟು ಸಣ್ಣದೆಂದರೆ ಕಿವಿ ಕೊಟ್ಟು ಕೇಳಬೇಕು. ಕಾಲೇಜಿನ ಗ್ರಂಥಾಲಯದಲ್ಲಿ ಅವನಿಗೆ ನೌಕರಿ. ಅಲ್ಲಿ ಪಿಸುಗುಟ್ಟಿ ಪಿಸುಗುಟ್ಟಿ ಮನೆಯಲ್ಲೂ ಅವನಿಗೆ ಅಷ್ಟೇ ದನಿ ಉಳಿದಿತ್ತು.

ಆಯಿ ಒಂದೇ ದೊಡ್ಡ ತಾಟು ತಂದು ಇಬ್ಬರ ನಡುವೆ ಇಟ್ಟಳು. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಇನ್ನೊಂದು ತಾಟು ಎಲ್ಲಿ ಎಂದು ಅಮೋಲ್ ಕೇಳಿದ. ಇನ್ನೊಂದು ಇಲ್ಲ ಎಂದಳು. ಗೋಡೆಯ ಮೇಲಿನಿಂದ ಗೋರಖನಾಥ ಇಣುಕಿ, ಬೌದ್ಧರ ಹುಡುಗನ ಜೊತೆ ಕುರುಬರ ಹುಡುಗ ಒಂದೇ ತಾಟಿಗೆ ಕೂತದ್ದನ್ನು ನೋಡಿದ. ಏನೋ ಹೇಳಲು ಬಾಯಿ ತೆರೆದ. ಜಾಗ ಇನ್ನೂ ಇದೆ, ಕೈ ತೊಳೆದುಕೊಂಡು ಬಾ ಎಂದಳು ಆಯಿ. ಅವನು ತೆರೆದ ಬಾಯನ್ನು ಹಾಗೇ ಮುಚ್ಚಿಕೊಂಡು ಒಳಗೆ ಹೋದ. ಆದರೆ ತಾಟಿನ ರೊಟ್ಟಿಗೆ ಅವತ್ತು ಇಬ್ಬರೂ ಸರಿಯಾಗಿ ಕೈ ಹಾಕಲಿಲ್ಲ. ಮೊದಲ ದಿನ ಹೀಗೇ ಇರುತ್ತದೆ ಎಂದು ಆಯಿಗೆ ಗೊತ್ತಿತ್ತು.

ಭಾನುವಾರ ಉಣ್ಣೆ ಕತ್ತರಿಸುವ ಮೊದಲು ಕುರಿಗಳ ಮೈ ತೊಳೆಯುವ ಕೆಲಸ. ಅಮೋಲನ ಅಪ್ಪ ಧೊಂಡಿಬಾ ಬೆಳಿಗ್ಗೆಯೇ ಹಿಂಡನ್ನು ಹಳ್ಳಕ್ಕೆ ಹೊಡೆದಿದ್ದ. ಆಯಿ ಇಬ್ಬರನ್ನೂ ಪ್ಯಾಂಟು ಮಡಚಿಸಿ ನೀರಿಗೆ ಇಳಿಸಿದಳು. ರತ್ನದೀಪ ಹುಟ್ಟಿದ ಮೇಲೆ ಕುರಿ ಮುಟ್ಟಿದವನಲ್ಲ. ಕುರಿಗೂ ನಮಸ್ಕಾರ ಮಾಡಿ ಹಿಡಿಯುವವನಂತೆ ಹಿಡಿಯುತ್ತಿದ್ದ, ಅದು ಅವನನ್ನು ನೀರಿನಲ್ಲಿ ಎಳೆದುಕೊಂಡು ಹೋಗುತ್ತಿತ್ತು. ಧೊಂಡಿಬಾ ಮೂರು ಸಲ ಅವನನ್ನು ಎತ್ತಿ ನಿಲ್ಲಿಸಿದ.

ಹಿಂಡಿನಲ್ಲಿ ಪೈಲವಾನ ಎಂಬ ಹೆಸರಿನ ಕರಿ ಟಗರಿತ್ತು. ಅದಕ್ಕೆ ಅಪರಿಚಿತರು ಆಗುವುದಿಲ್ಲ. ದಂಡೆಯ ಮೇಲೆ ನಿಂತು ರತ್ನದೀಪನನ್ನು ಬಹಳ ಹೊತ್ತಿನಿಂದ ಗಮನಿಸುತ್ತಿದ್ದದ್ದು, ಅವನು ನೀರಿನಿಂದ ಮೇಲೆ ಬಂದ ಕೂಡಲೇ ನಾಲ್ಕು ಹೆಜ್ಜೆ ಹಿಂದೆ ಸರಿದು, ತಲೆ ತಗ್ಗಿಸಿ ಓಡಿಬಂತು. ಇಡೀ ಜಿಲ್ಲೆ ಹೆದರುವ ಬಲಗೈಯ ಒಡೆಯ ಆಗ ಏನು ಮಾಡಿದ ಗೊತ್ತೇ? ಎರಡೂ ಕೈ ಮುಂದೆ ಚಾಚಿ, ಕಣ್ಣು ಗಟ್ಟಿಯಾಗಿ ಮುಚ್ಚಿ, ಅವ್ವಾ ಎಂದ. ಅಮೋಲ್ ನಡುವೆ ಬಂದ. ಬಂದದ್ದು ಅವನಿಗೇ ಗೊತ್ತಾಗಲಿಲ್ಲ, ಎಳೆಯ ವಯಸ್ಸಿನಿಂದ ಮಾಡುತ್ತ ಬಂದ ಕೆಲಸ. ಟಗರಿನ ಹಣೆಯನ್ನೇ ನೋಡುತ್ತ ಕೊನೆಯ ಗಳಿಗೆಯಲ್ಲಿ ಅರ್ಧ ಹೆಜ್ಜೆ ಪಕ್ಕಕ್ಕೆ ಸರಿದು, ಕೊಂಬು ಹಿಡಿದು ತಿರುವಿದ. ಪೈಲವಾನ ತನ್ನ ಓಟದಲ್ಲೇ ಹೋಗಿ ಹಳ್ಳಕ್ಕೆ ಬಿತ್ತು. ಅದರ ಸ್ನಾನವೂ ಆದಂತಾಯಿತು.

ರತ್ನದೀಪ ಕಣ್ಣು ತೆರೆದು, ಉಸಿರು ಸರಿ ಮಾಡಿಕೊಂಡು, ತನ್ನ ಸಣ್ಣ ದನಿಯಲ್ಲಿ ಕೇಳಿದ. “ಅದು ಅಷ್ಟ ಜೋರಲೇ ಬರೋವಾಗ ನೀ ಕಣ್ಣ ಮುಚ್ಚಲಿಲ್ಲಲ್ಲ?”

“ಕಣ್ಣ ಮುಚ್ಚಿದ್ರ ಎಲ್ಲಿ ಬರ್ತದಂತ ಹ್ಯಾಂಗ ಗೊತ್ತಾಗಬೇಕು,” ಎಂದ ಅಮೋಲ್.

ಎಂದವನು ಅಲ್ಲೇ ನಿಂತ. ತನ್ನ ಬಾಯಿಂದ ಬಂದ ಮಾತು ತನ್ನ ಕಿವಿಗೇ ಹೊಸದಾಗಿ ಕೇಳಿಸಿತು.

ಮಧ್ಯಾಹ್ನ ಬೇವಿನ ನೆರಳಿನಲ್ಲಿ ಮತ್ತೆ ಅದೇ ಒಂದು ತಾಟು. ಇಬ್ಬರಿಗೂ ಹಸಿವು ಎಷ್ಟಿತ್ತೆಂದರೆ ಒಂದೇ ರೊಟ್ಟಿಗೆ ಇಬ್ಬರ ಕೈ ಹೋಗುತ್ತಿತ್ತು. ಊಟ ಮುಗಿದ ಮೇಲೆ ಆಯಿ ಆ ವಿಡಿಯೋ ತೋರಿಸು ಎಂದಳು. ಬಿದ್ದದ್ದನ್ನೇನು ನೋಡುವುದು ಎಂದು ಅಲ್ಲಿಯವರೆಗೆ ಅವಳು ಅದನ್ನು ನೋಡಿರಲಿಲ್ಲ. ಅಮೋಲ್ ರತ್ನದೀಪನ ಮುಖ ನೋಡಿ, ನಾಚಿಕೊಂಡು, ಫೋನ್ ಕೊಟ್ಟ. ಆಯಿ ಒಮ್ಮೆ ನೋಡಿದಳು. ಇನ್ನೊಮ್ಮೆ ಹಾಕು ಎಂದಳು. ಮೂರನೆಯ ಸಲ ನಿಧಾನಕ್ಕೆ ಓಡುವಂತೆ ಮಾಡಿಸಿ, ನಡುವೆ ನಿಲ್ಲಿಸು ಎಂದಳು. ನಿಂತ ಚಿತ್ರದಲ್ಲಿ ಗ್ಲೌಸ್ ದವಡೆಗೆ ಇನ್ನೂ ನಾಲ್ಕು ಬೆರಳು ದೂರ ಇತ್ತು. ಆಯಿ ಬೆರಳಿಟ್ಟದ್ದು ಅಮೋಲನ ಮೇಲಲ್ಲ.

“ಈ ಹುಡುಗ ಯಾಕ ಕಣ್ಣ ಮುಚ್ಯಾನ?”

ಅಮೋಲ್ ಫೋನ್ ಕಸಿದುಕೊಂಡು ನೋಡಿದ. ರತ್ನದೀಪನ ಎರಡೂ ಕಣ್ಣು ಗಟ್ಟಿಯಾಗಿ ಮುಚ್ಚಿದ್ದವು, ಬೆಳಿಗ್ಗೆ ಟಗರಿನ ಎದುರು ಮುಚ್ಚಿದ್ದವಲ್ಲ, ಹಾಗೆಯೇ. ನೂರಾರು ಸಲ ನೋಡಿದ ವಿಡಿಯೋ. ಪ್ರತಿ ಸಲವೂ ತನ್ನನ್ನೇ ನೋಡಿಕೊಂಡಿದ್ದ, ಅವನ ಮುಖ ಒಮ್ಮೆಯೂ ನೋಡಿರಲಿಲ್ಲ. ರತ್ನದೀಪನ ಕಿವಿ ಕೆಂಪಾದವು.

“ಖರೆ ಹೇಳ್ತೇನಿ, ಯಾರ ಮುಂದೂ ಹೇಳಬ್ಯಾಡ್ರಿ,” ಎಂದ ಅವನು. “ಇಂವ ಮುಂದ ಬಂದ, ನಂಗ ಹೆದ್ರಿಕಿ ಆಯ್ತು, ಕಣ್ಣ ಮುಚ್ಚಿ ಕೈ ಬೀಸಿದೆ. ಕಣ್ಣ ತೆರದ್ರ ಎದುರಿಗಿ ಯಾರೂ ಇಲ್ಲ. ಎಲ್ಲಿ ಹೋದ ಅಂತ ಆ ಕಡಿ ಈ ಕಡಿ ಹುಡಕಿದೆ. ರೆಫರಿ ಕೆಳಗ ನೋಡ್ಲಕತ್ತಿದ್ರು, ಆಗ ನಾನೂ ಕೆಳಗ ನೋಡಿದೆ.”

ಮೊದಲು ನಕ್ಕವಳು ಆಯಿ. ಆಮೇಲೆ ಧೊಂಡಿಬಾ, ಅವನು ನಕ್ಕದ್ದನ್ನು ಊರು ನೋಡಿ ವರ್ಷವಾಗಿತ್ತು. ಅಮೋಲನಿಗೆ ಮಾತ್ರ ಮೊದಲು ಸಿಟ್ಟು ಬಂತು. ಎರಡು ತಿಂಗಳು ಅವನು ಯಾರಿಗೆ ಹೆದರಿದ್ದನೋ, ಇಷ್ಟು ಜಾಗದಲ್ಲಿ ಅದೇ ಜಾಗ ಹುಡುಕಿ ಹೊಡೆಯುವ ಆ ಮನುಷ್ಯ, ಅವನು ಲೋಕದಲ್ಲೇ ಇರಲಿಲ್ಲ. ಆ ಪೆಟ್ಟನ್ನು ಇಡೀ ಭಾಲ್ಕಿ ನೋಡಿತ್ತು, ಕೊಟ್ಟವನೂ ತಿಂದವನೂ ಮಾತ್ರ ನೋಡಿರಲಿಲ್ಲ. ಇದು ಮನಸ್ಸಿಗೆ ಇಳಿಯಲು ಒಂದು ನಿಮಿಷ ಹಿಡಿಯಿತು. ಇಳಿದ ಮೇಲೆ ಅವನೂ ನಕ್ಕ, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕ. ಬಸ್ಸಿನಲ್ಲಿ ತಡೆದಿದ್ದ ಅಳುವೂ ಅದರಲ್ಲೇ ಸೇರಿ ಹೋಯಿತು, ಯಾರಿಗೂ ಗೊತ್ತಾಗಲಿಲ್ಲ.

ಸೋಮವಾರ ರತ್ನದೀಪ ಬಸ್ಸು ಹತ್ತಿದ. ಹತ್ತುವ ಮುಂಚೆ, ಮುಂದಿನ ಸಲ ಇಬ್ಬರಲ್ಲಿ ಒಬ್ಬರಾದರೂ ಕಣ್ಣು ತೆರೆದಿರೋಣ ಎಂದ.

ಇಷ್ಟಾದ ಮೇಲೆ ಅಮೋಲನ ಹೆದರಿಕೆ ಮಾಯವಾಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಕಣ್ಣಿಗೆ ನಗು ಅರ್ಥವಾಗುವುದಿಲ್ಲ, ಅದಕ್ಕೆ ಅದರದೇ ಚಾಳಿ. ತಾಲೀಮಿನಲ್ಲಿ ತನ್ವೀರನ ಕೈ ಬಂದಾಗ ಮೊದಲ ದಿನ ಮುಚ್ಚಿತು, ಎರಡನೆಯ ದಿನವೂ ಮುಚ್ಚಿತು. ಮೂರನೆಯ ದಿನ ಅಮೋಲ್ ತನ್ವೀರನ ಹಣೆಯನ್ನು ಪೈಲವಾನನ ಹಣೆ ಎಂದುಕೊಂಡು ನೋಡುತ್ತ ನಿಂತ. ಪಕ್ಕಕ್ಕೆ ಸರಿಯುವುದು ಮರೆತುಹೋಯಿತು. ಪೆಟ್ಟು ನೇರ ಮೂಗಿನ ಮೇಲೆ ಬಿತ್ತು, ರಕ್ತ ಬಂತು. ಅವನು ಉಸ್ತಾದರ ಕಡೆ ತಿರುಗಿ, ನೋಡಿದೆನ್ರಿ ಉಸ್ತಾದ, ಪೂರಾ ನೋಡಿದೆನ್ರಿ ಎಂದ. ಮೂಗಿನಲ್ಲಿ ರಕ್ತ ಸುರಿಯುವವನು ಇಷ್ಟು ಸಂತೋಷಪಡುವುದನ್ನು ಬಾಬುಮಿಯಾ ಮಿಲಿಟರಿಯಲ್ಲೂ ನೋಡಿರಲಿಲ್ಲ. ಮೊಳೆಯ ಮೇಲಿನ ಗ್ಲೌಸ್ ಕೆಳಗಿಳಿಸಿ, ಹೆಸರು ಬರೆದುಕೊಂಡರು.

ಮಾರ್ಚಿನ ಪಂದ್ಯಕ್ಕೆ ಆಯಿ ಬಂದಿದ್ದಳು, ಸುಭದ್ರಾಬಾಯಿಯೂ ಬಂದಿದ್ದಳು. ಇಬ್ಬರೂ ಅಕ್ಕಪಕ್ಕ ಕೂತು ಒಂದೇ ಪೊಟ್ಟಣದಲ್ಲಿ ಹುರಿಗಡಲೆ ತಿನ್ನುತ್ತಿದ್ದರು. ರಿಂಗಿನಲ್ಲಿ ಅವರ ಹುಡುಗರು ಎದುರುಬದುರಾಗಿ ನಿಂತಿದ್ದರು. ಗಂಟೆ ಬಾರಿಸಿತು. ಮೂವತ್ತೆಂಟನೆಯ ಸೆಕೆಂಡು ದಾಟುವವರೆಗೂ ಅಮೋಲ್ ಒಳಗೇ ಎಣಿಸುತ್ತಿದ್ದ. ದಾಟಿತು. ಆಮೇಲೆ ಅವನಿಗೆ ಒಂದು ಸಂಗತಿ ಹೊಳೆಯಿತು. ರತ್ನದೀಪನ ಬಲಗೈ ಬರುವ ಮೊದಲು ಅವನ ಕಣ್ಣು ಮುಚ್ಚುತ್ತಿದ್ದವು. ಕಣ್ಣು ಮುಚ್ಚಿದರೆ ಕೈ ಬಂತು ಎಂದೇ ಅರ್ಥ. ಅಮೋಲ್ ಅರ್ಧ ಹೆಜ್ಜೆ ಸರಿಯುವನು, ಕೈ ಗಾಳಿಗೆ ಹೋಗುವುದು, ಅಮೋಲ್ ಒಂದು ಕೊಡುವನು. ಎರಡು ಸುತ್ತು ಹೀಗೇ ನಡೆಯಿತು. ಉಸ್ತಾದರು ಮೂಲೆಯಲ್ಲಿ ನಿಂತು ಮೀಸೆ ತಿರುವಿದರು. ಮೂರನೆಯ ಸುತ್ತು ಉಳಿಸಿಕೊಂಡರೆ ಆಯಿತು, ಪಂದ್ಯ ಅವನದೇ.

ಮೂರನೆಯ ಸುತ್ತಿನಲ್ಲಿ ರತ್ನದೀಪ ಮತ್ತೆ ಕಣ್ಣು ಮುಚ್ಚಿದ. ಕುರುಡನ ಹಾಗೆ ನಿಂತಿದ್ದ, ದವಡೆ ಪೂರ್ತಿ ಬಯಲಾಗಿತ್ತು. ಅಮೋಲನ ಕೈ ಸಿದ್ಧವಿತ್ತು. ಆದರೆ ಹಳ್ಳದ ದಂಡೆಯ ಮೇಲೆ ಅವ್ವಾ ಎಂದ ಮುಖ ಅದೇ. ಒಂದೇ ತಾಟಿನ ಕೊನೆಯ ರೊಟ್ಟಿಯನ್ನು ನೀ ತಿನ್ನು ಎಂದು ಇವನ ಕಡೆ ಸರಿಸಿದವನೂ ಅವನೇ. ಕೈ ಹೋಗಲಿಲ್ಲ, ಮಾತು ಹೋಯಿತು.

“ಕಣ್ಣ ತೆರಿಯೋ ರತ್ನ.”

ರತ್ನದೀಪ ತೆರೆದ. ರೆಫರಿ ಮಾತಾಡಬಾರದೆಂದು ಎಚ್ಚರಿಸಿದರು. ಉಸ್ತಾದರು ಹಣೆ ಹಣೆ ಬಡಿದುಕೊಂಡರು. ರತ್ನದೀಪ ಆಮೇಲೆ ಕಣ್ಣು ಮುಚ್ಚಲೇ ಇಲ್ಲ. ಮುಂದಿನ ಬಲಗೈ ಸುಳಿವು ಕೊಡದೆ ಬಂತು, ಸೀದಾ ಅದೇ ದವಡೆಗೆ. ಅಮೋಲ್ ಅದನ್ನು ನೋಡಿದ. ಭುಜ ಹೊರಳಿದ್ದು ನೋಡಿದ, ಗ್ಲೌಸಿನ ಹೊಲಿಗೆ ನೋಡಿದ, ಅದರ ಹಿಂದೆ ತನ್ನನ್ನೇ ನೋಡುತ್ತಿದ್ದ ಎರಡು ಹೆದರಿದ ಕಣ್ಣು ನೋಡಿದ. ಒಂದು ಮೊಣಕಾಲು ನೆಲಕ್ಕೆ ತಾಗಿತು. ನೆಲ ತಣ್ಣಗಿತ್ತು. ರೆಫರಿ ಒಂದು ಎಂದದ್ದು ಕೇಳಿಸಿತು, ಎರಡು, ಮೂರು, ನಾಲ್ಕು, ಎಲ್ಲವೂ ಕೇಳಿಸಿದವು. ಆರಕ್ಕೆ ಎದ್ದು ನಿಂತ. ಇವತ್ತು ಭಾನುವಾರ ಎಂದು, ಯಾರೂ ಕೇಳದಿದ್ದರೂ, ರೆಫರಿಗೆ ಹೇಳಿದ. ಉಳಿದ ಸುತ್ತನ್ನು ನಿಂತೇ ಮುಗಿಸಿದ.

ಐವರು ತೀರ್ಪುಗಾರರಲ್ಲಿ ಮೂವರು ರತ್ನದೀಪ ಎಂದರು, ಇಬ್ಬರು ಅಮೋಲ್ ಎಂದರು. ಅಮೋಲ್ ಸೋತ. ವೈರಿಗೆ ಪಾಠ ಹೇಳುವ ಮಾಸ್ತರನನ್ನು ನಾನು ಸಾಕಿದೆನಲ್ಲ ಎಂದು ಉಸ್ತಾದರು ಗಂಟೆಗಟ್ಟಲೆ ಬೈದರು. ಆದರೆ ಗ್ಲೌಸ್ ತನ್ವೀರನಿಗೆ ಕೊಡಲಿಲ್ಲ.

ಸುದ್ದಿ ಅವನಿಗಿಂತ ಮುಂಚೆ ಔರಾದ ಮುಟ್ಟಿತ್ತು. ಮರುದಿನ ಮಧ್ಯಾಹ್ನವೇ ಕಮಠಾಣದ ಸೋದರತ್ತೆ ಒಂದು ಡಜನ್ ಬಾಳೆಹಣ್ಣು ಹಿಡಿದು ಬಂದಳು. ಹೊರಸಿನ ತುದಿಗೆ ಕೂತು, ಉಸಿರು ಬಿಟ್ಟು, ಮತ್ತೆ ಬಿದ್ದಿಯಂತಲ್ಲೋ, ಹ್ಯಾಂಗಾಯ್ತಪಾ ಎಂದು ಕೇಳಿದಳು. ಈ ಹುಡುಗನಿಗೆ ಈ ಸಲವೂ ನೆನಪಿರುವುದಿಲ್ಲ, ತಾನೇ ಹೇಳಬೇಕಾಗುತ್ತದೆ ಎಂದು ಗಂಟಲು ಸರಿಮಾಡಿಕೊಂಡೇ ಬಂದಿದ್ದಳು. ಅಮೋಲ್ ಒಂದು ಹಣ್ಣು ಸುಲಿದು ಬಾಯಿಗೆ ಹಾಕಿಕೊಂಡ.

“ಸರಿಯಾಗಿ ಕೂಡ್ರಿ ಅತ್ತಿ. ಮೊದಲಿಂದ ಹೇಳ್ತೇನಿ.”

ಗಂಟೆಯಿಂದ ಶುರುಮಾಡಿದ. ಯಾವ ಕೈ ಯಾವಾಗ ಬಂತು, ಎಷ್ಟು ಸರಿದೆ, ಎಲ್ಲಿ ತಾಗಿತು, ತಾಗುವ ಮೊದಲು ಅವನ ಹುಬ್ಬು ಹೇಗಿತ್ತು, ಒಂದನ್ನೂ ಬಿಡಲಿಲ್ಲ. ಬೇಕಾದಲ್ಲಿ ಎದ್ದು ನಿಂತು ತೋರಿಸಿದ. ಗೋಡೆಯ ಮೇಲಿನಿಂದ ಗೋರಖನಾಥ ಏನೋ ತಿದ್ದಲು ನೋಡಿದ, ನಿನಗೇನು ಗೊತ್ತು, ಅಲ್ಲಿ ಇದ್ದವನು ನಾನು ಎಂದ ಅಮೋಲ್. ಎರಡನೆಯ ಸುತ್ತಿನ ಹೊತ್ತಿಗೆ ಬಾಳೆಹಣ್ಣು ಐದು ಉಳಿದಿದ್ದವು. ಮೂರನೆಯ ಸುತ್ತು ಇನ್ನೂ ಶುರುವಾಗಿರಲಿಲ್ಲ, ಅಷ್ಟರಲ್ಲಿ ಅತ್ತೆಯ ಬಸ್ಸು ತಪ್ಪಿತ್ತು.